ಸಣ್ಣ ಕೆರೆಯನ್ನು ಉಳಿಸಿಕೊಳ್ಳುವುದು ಹೇಗೆ?



ಈ ದಿನ ಊರ ಸಣ್ಣ ಕೆರೆಯ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದಿದ್ದೇವೆ. ಶಿರಾ ಗೇಟಿನ ಮೇಲೆ ತುಮಕೂರಿಗೆ ಹೋಗಿ ಬರುವ ನೀವೆಲ್ಲ ಅಮಾನಿಕೆರೆಯನ್ನು ಬಲ್ಲಿರಿ. ಅಂತಹ ದೊಡ್ಡ ಕೆರೆ ಬತ್ತಿದರೆ ಊರಿಗೂರೇ ಮಾತಾಡುತ್ತದೆ. ಹತ್ತು ಹದಿನೈದು ಎಕರೆಯ ಕೆರೆಯಾದರೋ ಸದ್ದಿಲ್ಲದೆ ಹೋಗುತ್ತದೆ. ಮೊದಲು ನೀರು ಬರುವ ಕಾಲುವೆ ಮುಚ್ಚುತ್ತದೆ. ಆಮೇಲೆ ಕೆರೆಯಂಗಳದಲ್ಲಿ ಬಳ್ಳಾರಿ ಜಾಲಿ ಹಬ್ಬುತ್ತದೆ. ಅದರ ಹಿಂದೆ ಕಸದ ಗಾಡಿ ಬರುತ್ತದೆ. “ನೀರೇ ನಿಲ್ಲದ ಗುಂಡಿ, ಹೋದರೆ ಹೋಗ್ಲಿ ಬಿಡಿ” ಅನ್ನುವಷ್ಟರಲ್ಲಿ ಸುತ್ತಲಿನ ಬಾವಿ, ಕೊಳವೆಬಾವಿಗಳ ನೀರೂ ಕೆಳಗಿಳಿದಿರುತ್ತದೆ.

ಪಟ್ಟಣ ಬೆಳೆಯುತ್ತಾ ಬಂದಂತೆ ಇಂತಹ ಕೆರೆಗೆ ಏನಾಗುತ್ತದೆ, ಜನ ಮನಸ್ಸು ಮಾಡಿದರೆ ಏನಾಗಬಲ್ಲದು ಎಂಬುದಕ್ಕೆ ಬೆಂಗಳೂರಿನ ಒಂದು ಉದಾಹರಣೆ ಕೇಳಿ. ಜಯಪ್ರಕಾಶ ನಗರದ ಏಳನೇ ಹಂತದಲ್ಲಿ ಪುಟ್ಟೇನಹಳ್ಳಿ ಕೆರೆ ಇದೆ. ವಿಸ್ತೀರ್ಣ ಸುಮಾರು 13 ಎಕರೆ. 2008ರ ಹೊತ್ತಿಗೆ ಅದು ಕಸ, ಕಳೆ, ಒಣಮಣ್ಣಿನ ಹಳ್ಳವಾಗಿತ್ತು. ಸುತ್ತಮುತ್ತಲ ಮನೆಯವರು ಒಟ್ಟುಗೂಡಿದರು. ಲೇಖಕಿ ಉಷಾ ರಾಜಗೋಪಾಲನ್ ಮತ್ತು ಸಂಗಡಿಗರು 2010ರಲ್ಲಿ ಒಂದು ಟ್ರಸ್ಟ್ ಮಾಡಿಕೊಂಡರು. 2011ರಲ್ಲಿ ಆಗಿನ ಮಹಾನಗರ ಪಾಲಿಕೆ ಕೆರೆಯ ನಿರ್ವಹಣೆಯನ್ನು ಒಪ್ಪಂದದ ಮೇಲೆ ಅವರಿಗೆ ವಹಿಸಿತು.

ಇಲ್ಲಿ ನಾವು ಕಲಿಯಬೇಕಾದ ಮುಖ್ಯ ಪಾಠವಿದೆ. ಪಾಲಿಕೆಯವರು ಹೂಳು ತೆಗೆಸಿದರು, ಏರಿ ಸರಿಪಡಿಸಿದರು. ಆದರೂ ಕೆರೆ ತಾನಾಗಿ ತುಂಬಲಿಲ್ಲ. ಯಾಕೆ? ನೀರು ತರುತ್ತಿದ್ದ ಕಾಲುವೆಗಳು ರಸ್ತೆ, ಕಟ್ಟಡಗಳ ಪಾಲಾಗಿದ್ದವು. ಆಗ ಸ್ವಯಂಸೇವಕರು ಮಳೆನೀರಿನ ದಾರಿ ಬಿಡಿಸಲು ಕಚೇರಿಯಿಂದ ಕಚೇರಿಗೆ ಅಲೆದರು. ಮುಂದೆ ಪಕ್ಕದ ವಸತಿ ಸಮುಚ್ಚಯದಲ್ಲಿ ಶುದ್ಧಿ ಮಾಡಿದ ನೀರನ್ನೂ ಕೆರೆಗೆ ಹರಿಸುವ ಏರ್ಪಾಡಾಯಿತು. ಗಿಡ ನೆಟ್ಟರು, ಕಳೆ ಕಿತ್ತರು, ಚಂದಾ ಎತ್ತಿದರು, ಕಸ ಹಾಕುವವರನ್ನು ತಡೆದರು. ನೀರು ನಿಂತ ಮೇಲೆ ನೂರಕ್ಕೂ ಹೆಚ್ಚು ಬಗೆಯ ಹಕ್ಕಿಗಳು ಅಲ್ಲಿ ಕಂಡುಬಂದವು.

ಬಾಂಧವರೇ, ಕಾಲುವೆಯಿಲ್ಲದ ಕೆರೆಯ ಹೂಳೆತ್ತುವುದು ತಳವಿಲ್ಲದ ಕಣಜಕ್ಕೆ ರಾಗಿ ಸುರಿದ ಹಾಗೆ. ಬೆಂಗಳೂರಿನವರು ಕಟ್ಟಡ ಎದ್ದ ಮೇಲೆ ಪಾಡುಪಟ್ಟರು. ನಿಮ್ಮೂರಿನಲ್ಲಿ ಕಾಲುವೆಯ ಗುರುತು ಇನ್ನೂ ಉಳಿದಿದ್ದರೆ ಕೆಲಸ ಸುಲಭ. ಹಾಗಾದರೆ ಮಾಡೋದೇನು?

ಒಂದು: ಮುಂಗಾರಿಗೆ ಮೊದಲು ಊರಿನ ಹತ್ತು ಜನ ಸೇರಿ, ಕೆರೆಯಿಂದ ಹಿಡಿದು ನೀರು ಹುಟ್ಟುವ ದಿಣ್ಣೆಯವರೆಗೆ ಕಾಲುವೆಯಗುಂಟ ನಡೆದು ಬನ್ನಿ. ವಯಸ್ಸಾದ ನೀರುಗಂಟಿ ಇದ್ದರೆ ಅವರನ್ನು ತಪ್ಪದೆ ಕರೆದೊಯ್ಯಿರಿ.

ಎರಡು: ಗ್ರಾಮ ನಕ್ಷೆ ತೆಗೆಸಿ ನೋಡಿ. ಹಳ್ಳ, ಕಾಲುವೆಗಳು ಬಿ ಖರಾಬಿನಲ್ಲಿದ್ದರೆ ಅದು ಸಾರ್ವಜನಿಕರ ಜಾಗ, ಯಾರ ಸ್ವಂತದ್ದೂ ಅಲ್ಲ. ಅಳತೆ ಮಾಡಿಸಿ ಕಲ್ಲು ನೆಡಿಸಲು ಗ್ರಾಮ ಪಂಚಾಯಿತಿಗೂ ತಹಸೀಲ್ದಾರರಿಗೂ ಬರವಣಿಗೆಯಲ್ಲಿ ಅರ್ಜಿ ಕೊಡಿ, ಸ್ವೀಕೃತಿ ಪಡೆಯಿರಿ. ಒತ್ತುವರಿ ಮಾಡಿದವರೊಡನೆ ಜಗಳ ಬೇಡ. ಆ ಕೆಲಸ ಕಾನೂನಿನದು.

ಮೂರು: ಗೋಡು ತೆಗೆಯುವಾಗ ಏರಿಯ ಬುಡವನ್ನು ಕೆದಕಬೇಡಿ. ಅಂಗಳವನ್ನೆಲ್ಲ ಬಾವಿಯಂತೆ ಒಂದೇ ಆಳಕ್ಕೆ ತೋಡಬೇಡಿ. ಅಂಚಿನಲ್ಲಿ ತೆಳುನೀರೂ ಜೊಂಡೂ ಉಳಿಯಲಿ. ಮೀನಿನ ಮರಿ ಬದುಕುವುದು ಅಲ್ಲೇ, ಕೊಕ್ಕರೆ ಮೇಯುವುದೂ ಅಲ್ಲೇ. ಗೋಡು ಹೊಲಕ್ಕೆ ಒಳ್ಳೆಯದು.

“ಹಕ್ಕಿಯಿಂದ ನಮಗೇನು ಬಂತು?” ಎನ್ನಬೇಡಿ. ಹಕ್ಕಿ ಬಂದಿದೆ ಎಂದರೆ ಕೆರೆಯಲ್ಲಿ ಮೀನು, ಹುಳುಹುಪ್ಪಟೆ ಇವೆ, ನೀರಿಗೆ ಜೀವವಿದೆ ಎಂದರ್ಥ. ನಮ್ಮ ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ. 1999ರಲ್ಲಿ ತುಮಕೂರಿನ ವೈಲ್ಡ್‌ಲೈಫ್ ಅವೇರ್ ನೇಚರ್ ಕ್ಲಬ್ಬಿನವರು ಇದನ್ನು ಹೊರಜಗತ್ತಿಗೆ ತಿಳಿಸಿದರು. ಊರವರು ಮರಗಳನ್ನು ಕಾಯ್ದುಕೊಂಡಿದ್ದಾರೆ. ಆದರೆ ಗೂಡಿನ ಮರಿಗೆ ಮೀನು ಬರಬೇಕಾದ್ದು ಸುತ್ತಲ ಕೆರೆಗಳಿಂದ. ಕೆರೆ ಹೋದರೆ ಮರ ಉಳಿದೂ ಪ್ರಯೋಜನವಿಲ್ಲ.

ಜೌಗುನೆಲ, ಕೆರೆಕುಂಟೆಗಳ ರಕ್ಷಣೆಗೆಂದು 1971ರಲ್ಲಿ ಇರಾನ್ ದೇಶದ ರಾಮ್ಸಾರಿನಲ್ಲಿ ಒಂದು ಅಂತರರಾಷ್ಟ್ರೀಯ ಒಪ್ಪಂದವಾಯಿತು. 2024ರಲ್ಲಿ ಆ ಪಟ್ಟಿಗೆ ಗದಗ ಜಿಲ್ಲೆಯ ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ ಎರಡೂ ಸೇರಿದವು. ಇವೆರಡೂ ನೀರಾವರಿಗಾಗಿ ಜನ ಕಟ್ಟಿದ ಕೆರೆಗಳೇ.

ಇನ್ನೊಂದು ಮಾತು. ಊರಿನಲ್ಲಿ ಒಬ್ಬರು ಪುಸ್ತಕವಿಟ್ಟು, ತಿಂಗಳಿಗೊಮ್ಮೆ ತೂಬಿನ ಬಳಿ ನೀರಿನ ಮಟ್ಟ ಎಷ್ಟಿದೆ ಎಂದು ಬರೆದಿಡಲಿ. ಶಾಲೆಯ ಮಕ್ಕಳೂ ಮಾಡಬಲ್ಲ ಕೆಲಸ ಇದು. ಒಳ್ಳೆ ಮಳೆ ಬಂದ ವರ್ಷವೂ ಮಟ್ಟ ಏರದಿದ್ದರೆ, ಕಾಲುವೆ ಎಲ್ಲೋ ಕಟ್ಟಿದೆ ಎಂದು ತಿಳಿಯಿರಿ. ಆ ವಾರವೇ ಗುದ್ದಲಿ ಹಿಡಿದು ಹೊರಡಿ. ಮುಂದಿನ ವರ್ಷಕ್ಕೆ ಬಿಟ್ಟರೆ ಕಾಲುವೆಯಿದ್ದ ಜಾಗದಲ್ಲಿ ಗೋಡೆ ಎದ್ದೀತು.