ನಿದ್ರೆಯ ಲಿಪಿ

ಗಾಢವಾಗಿ ನಿದ್ರಿಸುವವನನ್ನು ಕುರಿತು 'ಮೈಮರೆತು ಮಲಗಿದ್ದಾನೆ' ಎನ್ನುತ್ತೇವೆ. ಮೈ ಮರೆತಿರಬಹುದು, ಮಿದುಳು ಮಾತ್ರ ತನ್ನ ಕೆಲಸವನ್ನು ಮರೆತಿರುವುದಿಲ್ಲ. ಜರ್ಮನಿಯ ಯೇನಾ ನಗರದ ಮನೋವೈದ್ಯ ಹಾನ್ಸ್ ಬರ್ಗರ್ ಅವರು 1924ರಲ್ಲಿ ಮಾನವ ಮಿದುಳಿನ ವಿದ್ಯುತ್ ತರಂಗಗಳನ್ನು ಮೊದಲ ಬಾರಿಗೆ ದಾಖಲಿಸಿ, 1929ರಲ್ಲಿ ಅದನ್ನು ಪ್ರಕಟಿಸಿದರು. ಅನಂತರ ನಿದ್ರೆಗೂ ಒಂದು ಲಿಪಿ ದೊರೆತಂತಾಯಿತು. ನಾನು ವೈದ್ಯನಲ್ಲ, ಕನ್ನಡ ಪಾಠ ಹೇಳಿ ನಿವೃತ್ತನಾದವನು. ಆದರೆ ಈ ಲಿಪಿಯನ್ನು ಓದುವ ಕ್ರಮ ನನಗೆ ಅಪರಿಚಿತವೆನಿಸುವುದಿಲ್ಲ. ಪದದ ಅರ್ಥ ಸಂದರ್ಭದಿಂದ ತಿಳಿಯುವಂತೆ, ತರಂಗದ ಅರ್ಥವನ್ನು ಅವಸ್ಥೆಯಿಂದ ತಿಳಿಯಬೇಕು.

ಎಚ್ಚರವಾಗಿದ್ದು ಕಣ್ಣು ಮುಚ್ಚಿ ವಿಶ್ರಮಿಸುವ ವಯಸ್ಕರಲ್ಲಿ, ತಲೆಯ ಹಿಂಭಾಗದಿಂದ ಸೆಕೆಂಡಿಗೆ 8ರಿಂದ 13 ಬಾರಿ ಏರಿಳಿಯುವ ಆಲ್ಫಾ ತರಂಗಗಳು ಸಾಮಾನ್ಯವಾಗಿ ಕಾಣುತ್ತವೆ. ತೂಕಡಿಕೆ ಬಂದಂತೆ ಇವು ಕರಗಿ, ಸೆಕೆಂಡಿಗೆ 4ರಿಂದ 7ರ ಅಲೆಗಳು ತಲೆದೋರುತ್ತವೆ. ಕಣ್ಣುಗುಡ್ಡೆಗಳು ಮೆಲ್ಲನೆ ಹೊರಳುತ್ತವೆ. ಇದು ಮೊದಲ ಘಟ್ಟ. ಇಲ್ಲಿಯೇ ನೆತ್ತಿಯ ಭಾಗದಲ್ಲಿ ಚೂಪಾದ ಅಲೆಗಳೂ ಏಳುತ್ತವೆ.

ಎರಡನೆಯ ಘಟ್ಟದ ಗುರುತು 'ಸ್ಪಿಂಡಲ್'. ಸೆಕೆಂಡಿಗೆ 11ರಿಂದ 16ರ ವೇಗದ ಈ ಅಲೆಗಳ ಗುಚ್ಛ ಅರ್ಧ ಸೆಕೆಂಡಾದರೂ ಇದ್ದು, ನೂಲು ಸುತ್ತಿದ ಕದಿರಿನಂತೆ ನಡುವೆ ಉಬ್ಬಿ ತುದಿಗಳಲ್ಲಿ ಸಣ್ಣಗಾಗುತ್ತದೆ. ಜೊತೆಗೆ 'ಕೆ-ಕಾಂಪ್ಲೆಕ್ಸ್' ಎಂಬ ದೊಡ್ಡ ಅಲೆಯೊಂದುಂಟು. ಹೊರಗಿನ ಸದ್ದಿಗೂ ಅದು ಏಳಬಲ್ಲದು. ವಯಸ್ಕರ ನಿದ್ರೆಯ ಸುಮಾರು ಅರ್ಧ ಭಾಗ ಈ ಘಟ್ಟದ್ದೇ.

ಮೂರನೆಯದು ಗಾಢನಿದ್ರೆ. ಸೆಕೆಂಡಿಗೆ ಎರಡನ್ನು ಮೀರದ, 75 ಮೈಕ್ರೋವೋಲ್ಟಿಗಿಂತ ಎತ್ತರದ ನಿಧಾನವಾದ ಅಲೆಗಳು ಇಲ್ಲಿ ಸಾಗುತ್ತವೆ. 1968ರ ನಿಯಮಾವಳಿ ಇದನ್ನು ಎರಡು ಘಟ್ಟಗಳಾಗಿ ಒಡೆದಿತ್ತು. 2007ರಲ್ಲಿ ಅವನ್ನು ಒಂದುಗೂಡಿಸಲಾಯಿತು.

ಉಳಿದದ್ದು ವಿಚಿತ್ರವಾದ ಘಟ್ಟ. ಷಿಕಾಗೋದ ಅಸೆರಿನ್ಸ್ಕಿ ಮತ್ತು ಕ್ಲೈಟ್‌ಮನ್ ಇದನ್ನು 1953ರಲ್ಲಿ ಲೋಕಕ್ಕೆ ತಿಳಿಸಿದರು. ಮುಚ್ಚಿದ ರೆಪ್ಪೆಯ ಕೆಳಗೆ ಕಣ್ಣುಗಳು ಅತ್ತಿತ್ತ ಧಾವಿಸುತ್ತವೆ, ಸ್ನಾಯುಗಳು ಸಡಿಲವಾಗಿರುತ್ತವೆ, ತರಂಗಗಳು ಮಾತ್ರ ಎಚ್ಚರದವನ್ನು ಹೋಲುತ್ತವೆ. ಸ್ಫುಟವಾದ ಕನಸುಗಳು ಹೆಚ್ಚಾಗಿ ಬೀಳುವುದು ಆಗಲೇ. ಸುಮಾರು 90 ನಿಮಿಷಗಳಿಗೊಮ್ಮೆ ಈ ಚಕ್ರ ಸುತ್ತುತ್ತದೆ. ಗಾಢನಿದ್ರೆ ರಾತ್ರಿಯ ಮೊದಲ ಪಾಲು. ಸ್ವಪ್ನನಿದ್ರೆ ಬೆಳಗಿನ ಜಾವಕ್ಕೆ ದೀರ್ಘವಾಗುತ್ತದೆ. ಜಾಗ್ರತ್, ಸ್ವಪ್ನ, ಸುಷುಪ್ತಿಗಳೆಂದು ಮಾಂಡೂಕ್ಯೋಪನಿಷತ್ತು ಅವಸ್ಥೆಗಳನ್ನು ಬೇರೆ ಮಾಡಿ ಹೇಳಿದ್ದು ಆತ್ಮವಿಚಾರಕ್ಕಾಗಿ. ಯಂತ್ರವು ಅಳೆಯುವುದು ದೇಹದ ಸಂಗತಿ. ಎರಡನ್ನೂ ಬೆರೆಸಬೇಕಾಗಿಲ್ಲ.

ಇಷ್ಟನ್ನು ವಿವರಿಸಲು ಕಾರಣವುಂಟು. ಗಾಢನಿದ್ರೆಯ ಆ ನಿಧಾನದ ಅಲೆಗಳೇ ಎಚ್ಚರವಿರುವ ವಯಸ್ಕನಲ್ಲಿ ಎಡೆಬಿಡದೆ ಕಂಡರೆ ಮಿದುಳಿನ ತೊಂದರೆಯನ್ನು ಶಂಕಿಸಬೇಕಾಗುತ್ತದೆ. ನಿದ್ರೆಯಲ್ಲಿ ಅವು ಆರೋಗ್ಯದ ಲಕ್ಷಣ. ನೆತ್ತಿಯ ಚೂಪು ಅಲೆಗಳು ಮಕ್ಕಳಲ್ಲಿ ಎತ್ತರವಾಗಿ, ಮೊನಚಾಗಿ ಏಳುವುದು ಸಹಜ. ಅವಸ್ಥೆಯನ್ನೂ ವಯಸ್ಸನ್ನೂ ಗಮನಿಸದೆ ಓದಿದರೆ ಅವು ಮೂರ್ಛೆರೋಗದ ಗುರುತೆಂದು ತೋರಬಹುದು. ಹಾಗೆ ತಪ್ಪಾಗಿ ಓದಿದ ಒಂದು ರೇಖೆಯಿಂದ ಮಗು ವರ್ಷಗಟ್ಟಲೆ ಬೇಡದ ಮಾತ್ರೆ ನುಂಗೀತು. ಯುವಕನೊಬ್ಬನ ವಾಹನ ಚಾಲನೆಯ ಉದ್ಯೋಗ ತಪ್ಪೀತು. ಹೆಣ್ಣುಮಗಳೊಬ್ಬಳ ಮದುವೆಯ ಮಾತು ಮುರಿದೀತು.

ಆದುದರಿಂದ ಇಂಥ ವರದಿ ಮನೆಗೆ ಬಂದಾಗ ಅಂಜದೆ ಕೇಳಬೇಕಾದ ಪ್ರಶ್ನೆ ಇದು: ದಾಖಲೆ ಮಾಡಿದ್ದು ಎಚ್ಚರದಲ್ಲೋ, ನಿದ್ರೆಯಲ್ಲೋ? ರೋಗಿಗೆ ನಿಜವಾಗಿ ಏನಾಯಿತೆಂಬುದನ್ನು ಕಂಡವರು ವೈದ್ಯರಿಗೆ ವಿವರವಾಗಿ ಹೇಳಬೇಕು. ಔಷಧವನ್ನು ತಾವಾಗಿಯೇ ನಿಲ್ಲಿಸುವುದು ಮಾತ್ರ ಸಲ್ಲದು; ಸಂದೇಹವಿದ್ದರೆ ತಜ್ಞರಿಂದ ಇನ್ನೊಮ್ಮೆ ಓದಿಸುವುದು ಲೇಸು.