ಮೂಕಿ ಎದ್ದ ವಿಮಾನ

ತುಮಕೂರು ಕಡೆಯ ಒಣಗಿದ ಕೆರೆಯಂಗಳವೊಂದರಲ್ಲಿ, ಬೆಳಗ್ಗೆ ಆರೂವರೆಗೆ, ನಾನು ಕಟ್ಟಿದ ಮೊದಲ ವಿಮಾನ ಮೂರು ಸೆಕೆಂಡು ಹಾರಿತು. ಅಕ್ಕನ ಮಗ ಎಸೆದ. ಅದು ಮೂತಿ ಎತ್ತಿ ಗಾಳಿಯಲ್ಲಿ ಒಂದು ಗಳಿಗೆ ನಿಂತಂತಾಗಿ, ಎಡಕ್ಕೆ ಮಗುಚಿ ಬಿತ್ತು. ಏರಿಯ ಮೇಲೆ ಕುರಿ ಬಿಟ್ಟುಕೊಂಡು ಕೂತಿದ್ದ ಅಜ್ಜ ನಿಧಾನವಾಗಿ ಇಳಿದು ಬಂದು ಚೂರುಗಳನ್ನು ನೋಡಿದರು. "ಹಿಂದ್ಕೆ ಭಾರ ಜಾಸ್ತಿ ಆಗೈತೆ ಸಾಮಿ, ಮೂಕಿ ಎದ್ಬುಡ್ತು" ಅಂದರು.

ಹಿಂದೆ ಭಾರ ಹೆಚ್ಚಾದರೆ ಗಾಡಿಯ ಮುಂದಿನ ಮರ, ಅಂದರೆ ಮೂಕಿ, ಮೇಲೇಳುವುದು ಎತ್ತಿನ ಗಾಡಿ ಹೊಡೆದವರಿಗೆ ಹೊಸ ಮಾತಲ್ಲ. ನಾನು ಮಾತ್ರ ಅದನ್ನು ಕಲಿಯಲು ಒಂದು ವಿಮಾನ ಕಳೆದುಕೊಂಡೆ.

ಎರಡನೆಯದನ್ನೂ ಮನೆಯಲ್ಲೇ ಕಟ್ಟಿದೆ. ಜಾಹೀರಾತು ಫಲಕಕ್ಕೆ ಬಳಸುವ ಸನ್‌ಪ್ಯಾಕ್ ಶೀಟಿನ ಮೈ, ಪ್ಯಾಕಿಂಗ್ ಟೇಪು ಹೊದಿಸಿದ ಥರ್ಮೊಕೋಲ್ ರೆಕ್ಕೆ. ರೆಕ್ಕೆಯ ಉದ್ದ 120 ಸೆಂ.ಮೀ., ಅಗಲ 20 ಸೆಂ.ಮೀ.; ಎಲ್ಲ ಸೇರಿ ತೂಕ 900 ಗ್ರಾಂ. ಮೂತಿಯಲ್ಲಿ 1000 ಕೆವಿ ಬ್ರಷ್‌ಲೆಸ್ ಮೋಟರ್. ಈ ಕೆವಿ ಕಿಲೋವೋಲ್ಟ್ ಅಲ್ಲ, ಒಂದು ವೋಲ್ಟಿಗೆ ನಿಮಿಷಕ್ಕೆ ಎಷ್ಟು ಸುತ್ತು ಎಂಬ ಲೆಕ್ಕ. 10 ಇಂಚಿನ ಪ್ರೊಪೆಲ್ಲರ್, ಮೂರು ಸೆಲ್ಲಿನ 2200 ಎಂಎಎಚ್ ಲಿಪೊ ಬ್ಯಾಟರಿ. ಇಂಗ್ಲೆಂಡಿನಲ್ಲಿ ಕರ್ನಲ್ ಟ್ಯಾಪ್ಲಿನ್ 1957ರ ಜೂನ್ 30ರಂದು ರೇಡಿಯೊ ನಿಯಂತ್ರಿತ ವಿದ್ಯುತ್ ವಿಮಾನವನ್ನು ಮೊದಲ ಬಾರಿಗೆ ಹಾರಿಸಿದಾಗ ಅದರಲ್ಲಿದ್ದದ್ದು ಬೆಳ್ಳಿ-ಸತುವಿನ ಬ್ಯಾಟರಿ. ನಮ್ಮ ಕಾಲದ ಹುಡುಗರು ಆ ಮಟ್ಟಿಗೆ ಪುಣ್ಯವಂತರು.

ಇಂಥ ಕಲಿಕೆಯ ವಿಮಾನದ ಗುರುತ್ವ ಕೇಂದ್ರ ರೆಕ್ಕೆಯ ಮುಂದಿನ ಅಂಚಿನಿಂದ ಅಗಲದ ಶೇ 25ರಿಂದ 33ರೊಳಗೆ ಇರಬೇಕು. ನನ್ನದಕ್ಕೆ 5ರಿಂದ 6.5 ಸೆಂ.ಮೀ. ರೆಕ್ಕೆಯಡಿಗೆ ಎರಡೂ ಕಡೆ ಒಂದೊಂದು ಬೆರಳು ಕೊಟ್ಟು ಎತ್ತಿದರೆ ಮೂತಿ ಒಂಚೂರು ತಗ್ಗಿ ನಿಲ್ಲಬೇಕು. ಬ್ಯಾಟರಿಯೇ ಸುಮಾರು 180 ಗ್ರಾಂ ಇರುವುದರಿಂದ ಅದನ್ನು ಹಿಂದೆ ಮುಂದೆ ಸರಿಸಿದರೆ ಸಾಕು, ಸೀಸ ಅಂಟಿಸುವ ಕೆಲಸವಿಲ್ಲ. ಎಣ್ಣೆಯ ಎಂಜಿನ್ನಿನಲ್ಲಿ ಟ್ಯಾಂಕು ಖಾಲಿಯಾಗುತ್ತ ತೂಕ ಜಾರುತ್ತದೆ. ಬ್ಯಾಟರಿ ತುಂಬಿದ್ದಾಗಲೂ ಬರಿದಾದಾಗಲೂ ಅಷ್ಟೇ ತೂಗುತ್ತದೆ, ಆದ್ದರಿಂದ ಒಮ್ಮೆ ಹದ ಸಿಕ್ಕರೆ ಹಾರಾಟ ಮುಗಿಯುವವರೆಗೂ ಹದವೇ.

ಮೈದಾನಕ್ಕೆ ಹೋಗುವ ಮುಂಚೆ ವಿಮಾನವನ್ನು ಮೇಜಿಗೆ ಬಿಗಿದು, ವಾಟ್‌ಮೀಟರ್ ಸೇರಿಸಿ ಮೋಟರ್ ಪೂರ್ತಿ ಓಡಿಸಿದೆ. 15 ಆಂಪಿಯರ್, 11.4 ವೋಲ್ಟ್, ಅಂದರೆ 171 ವಾಟ್. ಕಿಲೋ ತೂಕಕ್ಕೆ 150ರಿಂದ 200 ವಾಟ್ ಇದ್ದರೆ ಇಂಥ ವಿಮಾನಕ್ಕೆ ಧಾರಾಳ. ಈ ಪರೀಕ್ಷೆಯಲ್ಲಿ ಕೈ ದೂರವಿರಲಿ. ಏನಾದರೂ ಅಡ್ಡ ಬಂದರೆ ಎಣ್ಣೆ ಎಂಜಿನ್ ಆರಿಹೋಗಬಹುದು. ವಿದ್ಯುತ್ ಮೋಟರ್ ಬೆರಳನ್ನು ಕತ್ತರಿಸಿದ ಮೇಲೂ ತಿರುಗಲು ನೋಡುತ್ತದೆ. ಮೊದಲು ರಿಮೋಟ್ ಆನ್, ಆಮೇಲೆ ಬ್ಯಾಟರಿ, ತೆಗೆಯುವಾಗ ತಿರುಗುಮುರುಗು. ಬಲಕ್ಕೆ ಸ್ಟಿಕ್ ಒತ್ತಿದರೆ ಬಲ ರೆಕ್ಕೆಯ ಹಿಂದಂಚಿನ ಪಟ್ಟಿ, ಅಂದರೆ ಏಲೆರಾನ್, ಮೇಲೇಳಬೇಕು. ಇದನ್ನು ವಿಮಾನದ ಬಾಲದ ಹಿಂದೆ ನಿಂತೇ ನೋಡಿ, ಎದುರು ನಿಂತರೆ ಎಡ-ಬಲ ತಲೆಯಲ್ಲಿ ಅದಲುಬದಲಾಗುತ್ತದೆ.

ಆಷಾಢದ ಗಾಳಿ ಗಾಳಿಪಟಕ್ಕೆ ಸರಿ, ಮೊದಲ ಹಾರಾಟಕ್ಕಲ್ಲ. ನಾವು ಮಾಘದವರೆಗೆ ಕಾದು, ಎಲೆ ಅಲುಗದ ಬೆಳಗೊಂದನ್ನು ಹಿಡಿದೆವು.

"ಮಾಮ, ಬಿಡ್ಲಾ?"

"ಮೇಲಕ್ಕೆ ಎಸೀಬೇಡ ಮರಿ. ನೇರ ಮುಂದಕ್ಕೆ ತಳ್ಳು."

ಈ ಸಲ ಹೋಯಿತು. ಮೂರು ತೆಂಗಿನ ಮರದಷ್ಟು ಎತ್ತರ ಏರುವ ತನಕ ನಾನು ಉಸಿರು ಬಿಟ್ಟ ನೆನಪಿಲ್ಲ. ಥ್ರಾಟಲ್ ಅರ್ಧಕ್ಕೆ ಇಳಿಸಿ ಸ್ಟಿಕ್ಕಿನಿಂದ ಬೆರಳು ಸಡಿಲಿಸಿದೆ. ಬಲಕ್ಕೆ ವಾಲಿತು, ಮೂತಿ ತಗ್ಗಿತು. ಸ್ಟಿಕ್ ಬಿಟ್ಟಾಗಲೂ ಉಳಿಯುವ ಸಣ್ಣ ತಿದ್ದುಪಡಿಗೆ ರಿಮೋಟಿನಲ್ಲಿ ಟ್ರಿಮ್ ಗುಂಡಿಗಳಿವೆ: ಏಲೆರಾನ್ ಟ್ರಿಮ್ ಎಡಕ್ಕೆ ಮೂರು ಟಕ್, ಮೂತಿ ಎತ್ತಿ ಇಳಿಸುವ ಬಾಲದ ಎಲಿವೇಟರ್ ಟ್ರಿಮ್ ಮೇಲಕ್ಕೆ ಆರು ಟಕ್. ನೆಟ್ಟಗಾಯಿತು. ಆದರೆ ಥ್ರಾಟಲ್ ಪೂರ್ತಿ ಕೊಟ್ಟರೆ ಗೋಡೆ ಹತ್ತುವ ಹಲ್ಲಿಯಂತೆ ಏರತೊಡಗಿತು.

ಇಲ್ಲೇ ಎಲ್ಲರೂ ಎಡವುವುದು. ಟ್ರಿಮ್ ಕೆಳಕ್ಕೆ ಒತ್ತಿದರೆ ಏರುವುದು ನಿಲ್ಲುತ್ತದೆ, ನಿಜ. ಆದರೆ ಮೋಟರ್ ನಿಲ್ಲಿಸಿದ ಕೂಡಲೇ ವಿಮಾನ ನೆಲ ಹುಡುಕುತ್ತದೆ. ಟ್ರಿಮ್ ಒಂದು ವೇಗಕ್ಕೆ ಮಾತ್ರ ಮದ್ದು. ರೋಗಕ್ಕೆ ಮೂಲ ಎರಡು ಇರಬಹುದು: ಮೂತಿ ಭಾರವಾಗಿ, ಅದನ್ನು ಎಲಿವೇಟರಿನಿಂದ ಎತ್ತಿ ಹಿಡಿದಿರುವುದರಿಂದ ವೇಗ ಹೆಚ್ಚಿದಂತೆಲ್ಲ ಮೂತಿ ಏಳುವುದು, ಇಲ್ಲವೇ ಮೋಟರಿನ ಎಳೆತವೇ ಮೇಲ್ಮುಖವಾಗಿರುವುದು. ನೋಡುವವರಿಗೆ ಎರಡೂ ಒಂದೇ ಥರ ಕಾಣುತ್ತವೆ.

ಬಿಡಿಸುವ ದಾರಿ ಸುಲಭ. ಎತ್ತರಕ್ಕೆ ಹೋಗಿ, ಮೋಟರ್ ನಿಲ್ಲಿಸಿ, ಮೂತಿಯನ್ನು 45 ಡಿಗ್ರಿ ಕೆಳಗೆ ಮಾಡಿ ಸ್ಟಿಕ್ ಬಿಡಬೇಕು. ಆಗ ವೇಗ ಇರುತ್ತದೆ, ಎಳೆತ ಇರುವುದಿಲ್ಲ. ನಿಧಾನಕ್ಕೆ ತಾನೇ ಎದ್ದರೆ ತೂಕ ಸರಿ; ಸೆಟೆದು ಎದ್ದರೆ ಮೂತಿ ಭಾರ; ಇನ್ನೂ ಕೆಳಗೆ ಮುಗ್ಗರಿಸಿದರೆ ಬಾಲ ಭಾರ, ಬೇಗ ಸ್ಟಿಕ್ ಎಳೆಯಿರಿ. ನನ್ನದು ಸೆಟೆದು ಎದ್ದಿತು. ಹಿಂದಿನ ಪೆಟ್ಟಿಗೆ ಹೆದರಿ ಬ್ಯಾಟರಿಯನ್ನು ತೀರಾ ಮುಂದಕ್ಕೆ ತುರುಕಿದ್ದೆ! ಇಳಿಸಿ 1 ಸೆಂ.ಮೀ. ಹಿಂದೆ ಸರಿಸಿದೆ, ಬೇರೇನೂ ಮುಟ್ಟಲಿಲ್ಲ. ಒಂದು ಹಾರಾಟಕ್ಕೆ ಒಂದೇ ಬದಲಾವಣೆ. ಎರಡು ಮಾಡಿದರೆ ಯಾವುದು ಕೆಲಸ ಮಾಡಿತೆಂದು ಬ್ರಹ್ಮನಿಗೂ ತಿಳಿಯದು. ಬ್ಯಾಟರಿಯ ಹೊಸ ಜಾಗಕ್ಕೆ ಅಕ್ಕನ ಮಗ ಮಾರ್ಕರಿನಲ್ಲಿ ಗೆರೆ ಎಳೆದು ಪಕ್ಕದಲ್ಲಿ 'ಮೂಕಿ' ಎಂದು ಬರೆದ.

ಎಲಿವೇಟರ್ ಟ್ರಿಮ್ಮಿನಲ್ಲಿ ಐದು ಟಕ್ ವಾಪಸ್ ಬಂತು. ಪೂರ್ತಿ ಥ್ರಾಟಲ್ಲಿಗೆ ಏರುವುದು ಕಡಿಮೆಯಾಯಿತು, ನಿಲ್ಲಲಿಲ್ಲ. ಉಳಿದದ್ದು ಮೋಟರಿನ ಪಾಲು. ಮೌಂಟಿನ ಮೇಲಿನ ಎರಡು ಸ್ಕ್ರೂಗಳ ಹಿಂದೆ ಒಂದೊಂದು ವಾಷರ್ ಕೊಟ್ಟು ಮೋಟರನ್ನು ಸುಮಾರು ಎರಡು ಡಿಗ್ರಿ ಕೆಳಮುಖ ಮಾಡಿದೆ. ಮೂರನೆಯ ಹಾರಾಟದಲ್ಲಿ ಪೂರ್ತಿ ಕೊಟ್ಟರೂ ಕೈ ಬಿಟ್ಟು ನೋಡುವಂತಾಯಿತು. ಉಳಿದಿದ್ದ ಟ್ರಿಮ್ ಅನ್ನು ಸರ್ವೊ ಕಡ್ಡಿಗಳ ಉದ್ದ ತಿದ್ದಿ, ರಿಮೋಟಿನಲ್ಲಿ ಸೊನ್ನೆಗೆ ತಂದೆ.

ಹೊರದೇಶದ ನಕ್ಷೆ ನೋಡಿ ಕಟ್ಟುವವರಿಗೆ ಒಂದು ಮಾತು. ನಮ್ಮದು 800 ಮೀಟರ್ ಎತ್ತರದ ಬಯಲು. ಇಲ್ಲಿನ ಗಾಳಿ ಸಮುದ್ರಮಟ್ಟದ್ದಕ್ಕಿಂತ ಶೇ 7ರಷ್ಟು ತೆಳು, ಬಿಸಿಲೇರಿದರೆ ಇನ್ನೂ ತೆಳು. ಇಳಿಸುವಾಗ ತುಸು ವೇಗ ಉಳಿಸಿಕೊಳ್ಳಿ. ಜಾಗವನ್ನೂ ನೋಡಿಕೊಳ್ಳಿ: 2021ರ ಡ್ರೋನ್ ನಿಯಮಗಳು ಈ ವಿಮಾನಗಳಿಗೂ ಅನ್ವಯಿಸುತ್ತವೆ, ಹಸಿರು ವಲಯದಲ್ಲಿಯೂ 400 ಅಡಿ ಮೀರುವಂತಿಲ್ಲ. ಜಕ್ಕೂರು, ಯಲಹಂಕ, ಎಚ್‌ಎಎಲ್, ದೇವನಹಳ್ಳಿ ಹೀಗೆ ನಾಲ್ಕು ಕಡೆ ರನ್‌ವೇ ಇರುವ ಬೆಂಗಳೂರಿನಲ್ಲಿ ನಕ್ಷೆ ನೋಡದೆ ವಿಮಾನ ಹೊರತೆಗೆಯಲೇಬೇಡಿ.

ಐದು ನಿಮಿಷದ ಹಾರಾಟದ ಬಳಿಕ ಚಾರ್ಜರ್ 800 ಎಂಎಎಚ್ ತುಂಬಿತು, ನಿಮಿಷಕ್ಕೆ 160. ಲಿಪೊವನ್ನು ಶೇ 80ಕ್ಕಿಂತ ಹೆಚ್ಚು ಬಸಿಯಬಾರದು, ಹಾಗಾಗಿ ಲೆಕ್ಕಕ್ಕೆ ಸಿಗುವುದು 11 ನಿಮಿಷ. ಟೈಮರನ್ನು 9ಕ್ಕೆ ಇಟ್ಟಿದ್ದೇನೆ.