ಚಿನ್ನದ ಗಣಿಯಲ್ಲಿ ಸೃಷ್ಟಿಯ ಸೂತ್ರ

ರಾಜಾಜಿನಗರದ ಅಂಗಡಿಯೊಂದರಲ್ಲಿ ಕೊಂಡು ತಂದ ಕಬ್ಬಿಣದ ಕಾವಲಿ ಎಷ್ಟು ಕಾಲ ಬಾಳೀತು? ಎಣ್ಣೆ ಸವರಿ ಜೋಪಾನ ಮಾಡಿದರೆ ಮೊಮ್ಮಕ್ಕಳ ಕಾಲಕ್ಕೂ ಅದರ ಮೇಲೆ ದೋಸೆ ಹುಯ್ಯಬಹುದೆಂದು ಮನೆಯಾಕೆ ಹೇಳಿಯಾರು. ತುಕ್ಕು ಹಿಡಿದರೂ ಕಬ್ಬಿಣವೇನೂ ಇಲ್ಲವಾಗುವುದಿಲ್ಲ. ಅದರ ಪರಮಾಣುಗಳು ಗಾಳಿಯ ಆಮ್ಲಜನಕದೊಡನೆ ಕೂಡಿ ಬೇರೆ ರೂಪ ತಳೆಯುತ್ತವೆ, ಅಷ್ಟೆ. ಆದರೆ ಆ ಪರಮಾಣುಗಳ ಗರ್ಭದಲ್ಲಿರುವ ಪ್ರೋಟಾನುಗಳಿಗೇ ಸಾವುಂಟೆ? ಇದನ್ನು ತಿಳಿಯಲೆಂದೇ, ಬೆಂಗಳೂರಿಗೆ ಸುಮಾರು ನೂರು ಕಿಲೋಮೀಟರು ಪೂರ್ವಕ್ಕಿರುವ ಕೋಲಾರದ ಚಿನ್ನದ ಗಣಿಯಲ್ಲಿ 140 ಟನ್ ಕಬ್ಬಿಣವನ್ನು ಜೋಡಿಸಿ, 1980ರಲ್ಲಿ ವಿಜ್ಞಾನಿಗಳು ಕಾವಲು ಕುಳಿತರು.

ಒಂದೇ ಬಲದ ಕನಸು

ಬೇರೆ ಬೇರೆಯಾಗಿ ತೋರುವುದರ ಹಿಂದೆ ಒಂದನ್ನೇ ಕಾಣುವುದು ಭೌತವಿಜ್ಞಾನದ ಹಳೆಯ ಹಂಬಲ. ಮರದ ಹಣ್ಣನ್ನು ಬೀಳಿಸುವ ಬಲವೇ ಚಂದ್ರನನ್ನೂ ಭೂಮಿಯ ಸುತ್ತ ತಿರುಗಿಸುತ್ತದೆಂದು ನ್ಯೂಟನ್ ತೋರಿಸಿದರು. ವಿದ್ಯುತ್ತೂ ಕಾಂತತ್ವವೂ ಒಂದೇ ಶಕ್ತಿಯ ಎರಡು ಮುಖಗಳೆಂಬುದನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಮ್ಯಾಕ್ಸ್‌ವೆಲ್ ಗಣಿತದಲ್ಲಿ ಹಿಡಿದಿಟ್ಟರು. ಇದರೊಡನೆ ಗುರುತ್ವವನ್ನೂ ಬೆಸೆಯಲು ಐನ್‌ಸ್ಟೈನ್ ಜೀವಿತದ ಕೊನೆಯ ಮೂವತ್ತು ವರ್ಷಗಳನ್ನು ಸವೆಸಿ, 1955ರಲ್ಲಿ ಆ ಆಸೆ ಕೈಗೂಡದೆಯೇ ಕಣ್ಮುಚ್ಚಿದರು.

ಪರಮಾಣುವಿನ ಗರ್ಭದಲ್ಲಿ ಇನ್ನೂ ಎರಡು ಬಲಗಳಿವೆ: ಪ್ರೋಟಾನು ನ್ಯೂಟ್ರಾನುಗಳನ್ನು ಬಿಗಿದಿಡುವ ಪ್ರಬಲ ಬಲ, ಕೆಲವು ಬಗೆಯ ವಿಕಿರಣಕ್ಕೆ ಕಾರಣವಾದ ದುರ್ಬಲ ಬಲ. ದುರ್ಬಲ ಬಲವನ್ನು ವಿದ್ಯುತ್ಕಾಂತ ಬಲದೊಡನೆ ಒಂದುಗೂಡಿಸಿದ ಗ್ಲಾಷೋ, ಸಲಾಂ, ವೈನ್‌ಬರ್ಗ್ ಎಂಬ ಮೂವರಿಗೆ 1979ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಅಷ್ಟರಲ್ಲಿಯೇ ಪ್ರಬಲ ಬಲವನ್ನೂ ಈ ಕೂಟಕ್ಕೆ ಸೇರಿಸುವ ಸಿದ್ಧಾಂತಗಳು ಹುಟ್ಟಿದ್ದವು. ಒಡಿಶಾದಲ್ಲಿ ಜನಿಸಿದ ಜೋಗೇಶ್ ಪತಿಯವರು ಸಲಾಂರೊಡನೆ ಸೇರಿ ಒಂದನ್ನು ಮುಂದಿಟ್ಟರು. 1974ರಲ್ಲಿ ಜಾರ್ಜೈ ಮತ್ತು ಗ್ಲಾಷೋ ಇನ್ನೊಂದನ್ನು ಮಂಡಿಸಿದರು.

ಇವುಗಳಿಂದ ವಿಚಿತ್ರವಾದೊಂದು ಮಾತು ಹೊರಟಿತು: ಬಲಗಳು ಮೂಲದಲ್ಲಿ ಒಂದೇ ಆಗಿದ್ದರೆ, ಪ್ರೋಟಾನು ಅಮರವಲ್ಲ! ಆ ದಶಕದ ಕೊನೆಯ ಲೆಕ್ಕಗಳಂತೆ ಅದರ ಸರಾಸರಿ ಆಯುಸ್ಸು, 1ರ ಮುಂದೆ ಸುಮಾರು 31 ಸೊನ್ನೆಗಳನ್ನಿಟ್ಟಷ್ಟು ವರ್ಷ. ವಿಶ್ವದ ವಯಸ್ಸಾದರೋ ಕೇವಲ 1380 ಕೋಟಿ ವರ್ಷ.

ನೆಲದಡಿಯ ಕಾವಲು

ಅಷ್ಟು ಕಾಲ ಕಾಯುವವರಾರು? ಅದಕ್ಕೂ ಉಪಾಯವುಂಟು. ಒಂದು ಕಣವನ್ನು ಯುಗಯುಗ ಕಾಯುವ ಬದಲು, ಅಸಂಖ್ಯ ಕಣಗಳನ್ನು ಕೆಲವು ವರ್ಷ ಕಾದರಾಯಿತು. ನ್ಯೂಟ್ರಾನುಗಳಿಗೂ ಇದೇ ಗತಿಯೆಂದು ಎಣಿಸಿದರೆ, ಎರಡು ಕಿಲೋಗ್ರಾಂ ತೂಕದ ಕಾವಲಿಯಲ್ಲಿ ಒಂದು ಸಾವನ್ನು ಕಾಣಲು ಎಂಟು ಸಾವಿರ ವರ್ಷ ಬೇಕಾದೀತು. 140 ಟನ್ನಿನಲ್ಲಾದರೆ ವರ್ಷಕ್ಕೆ ಎಂಟೊಂಬತ್ತು.

ಆದರೆ ಆಕಾಶದಿಂದ ಎಡೆಬಿಡದೆ ಸುರಿಯುವ ವಿಶ್ವಕಿರಣಗಳ ಗದ್ದಲದಲ್ಲಿ ಅಂಥ ಸುಳಿವು ಮುಳುಗಿಹೋಗುತ್ತದೆ. ಆದಕಾರಣ ಪಾತಾಳವೇ ಗತಿ. ಕೋಲಾರದ ಆಳ ವಿಜ್ಞಾನಿಗಳಿಗೆ ಹೊಸದಾಗಿರಲಿಲ್ಲ. ಹೋಮಿ ಭಾಭಾರ ಪ್ರೇರಣೆಯಿಂದ, ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಬಿ. ವಿ. ಶ್ರೀಕಂಠನ್ 1950ರ ದಶಕದ ಆರಂಭದಲ್ಲಿಯೇ ವಿಶ್ವಕಿರಣಗಳನ್ನು ಅಳೆಯಲು ಈ ಗಣಿಗೆ ಇಳಿದಿದ್ದರು. ನಂಜನಗೂಡಿನಲ್ಲಿ ಹುಟ್ಟಿದ ಕನ್ನಡಿಗರು ಅವರು. ವಿಶ್ವಕಿರಣಗಳಿಂದ ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೋ ಕಣಗಳ ಗುರುತು 1965ರಲ್ಲಿ ಸಿಕ್ಕಿದ್ದೂ ಇಲ್ಲಿಯೇ. ಅದೇ ಸಂಸ್ಥೆ ಜಪಾನಿನ ಒಸಾಕಾ ನಗರ ವಿಶ್ವವಿದ್ಯಾನಿಲಯದೊಡನೆ ಕೂಡಿ, 2.3 ಕಿಲೋಮೀಟರು ಆಳದಲ್ಲಿ ಕಬ್ಬಿಣದ ಹಲಗೆಗಳ ನಡುವೆ ಅನಿಲ ತುಂಬಿದ ಎಣಿಕೆಯ ಕೊಳವೆಗಳನ್ನು 34 ಪದರಗಳಲ್ಲಿ ಹಾಸಿತು. ಮೇಲಿನಿಂದ ತೂರಿಬರುವ ಕಣಗಳು ಅಲ್ಲಿ ದಿನಕ್ಕೆ ಒಂದೋ ಎರಡೋ ಮಾತ್ರ.

ಕೆಲವೇ ತಿಂಗಳುಗಳಲ್ಲಿ ಕುತೂಹಲ ಕೆರಳಿತು. ಪ್ರೋಟಾನಿನ ಸಾವೇ ಇರಬಹುದಾದ ಕೆಲವು ಗುರುತುಗಳು ಕಂಡಿವೆಯೆಂದು ಕೋಲಾರದ ತಂಡ ಪ್ರಕಟಿಸಿತು. ಆದರೆ ನ್ಯೂಟ್ರಿನೋ ಬಂದು ಬಡಿದಾಗಲೂ ಅಂಥದೇ ಗುರುತು ಮೂಡಬಲ್ಲದು! ಅಮೆರಿಕದ ಉಪ್ಪಿನ ಗಣಿಯೊಂದರಲ್ಲಿಯೂ ಜಪಾನಿನ ಕಾಮಿಯೋಕಾದಲ್ಲಿಯೂ ಸಾವಿರಾರು ಟನ್ ನೀರು ತುಂಬಿ ಕಾದವರಿಗೆ ಒಂದು ಸಾವೂ ಖಚಿತವಾಗಿ ಕಾಣಲಿಲ್ಲ. ಜಾರ್ಜೈ–ಗ್ಲಾಷೋ ಸಿದ್ಧಾಂತದ ಸರಳರೂಪ ಬಿದ್ದುಹೋಯಿತು. 1990ರ ದಶಕದ ಆರಂಭದಲ್ಲಿ ಕೋಲಾರದ ಪ್ರಯೋಗವೂ ನಿಂತಿತು. 2001ರ ಫೆಬ್ರವರಿ 28ರಂದು ಗಣಿಯನ್ನೇ ಮುಚ್ಚಲಾಯಿತು. ವಿಜ್ಞಾನಿಗಳು ಕಾವಲಿದ್ದ ಪಾತಾಳಕ್ಕೆ ನೀರು ತುಂಬಿತು.

ಹಾಗಾದರೆ ಪಟ್ಟ ಶ್ರಮವೆಲ್ಲ ವ್ಯರ್ಥವೆ? ಎಷ್ಟೇ ಸೊಗಸಾದ ಸಿದ್ಧಾಂತವಾದರೂ ಪ್ರಕೃತಿಯ ಮುಂದೆ ಸಾಕ್ಷಿ ಒದಗಿಸಲೇಬೇಕು. ಆ ಸಾಕ್ಷಿಯನ್ನು ಕೇಳಲೆಂದೇ ಕಟ್ಟಿದ ಪ್ರಯೋಗಗಳಲ್ಲಿ ಜಗತ್ತಿಗೆ ಮೊದಲನೆಯದು ಕೋಲಾರದ್ದು. ಸಾವನ್ನು ಕಾಯುತ್ತಿದ್ದ ಕಾಮಿಯೋಕಾದ ತೊಟ್ಟಿಗೆ 1987ರಲ್ಲಿ ಸಿಡಿದ ನಕ್ಷತ್ರವೊಂದರ ನ್ಯೂಟ್ರಿನೋಗಳು ಸಿಕ್ಕವು. 1996ರಿಂದ ಅಲ್ಲಿ 50,000 ಟನ್ ನೀರಿನ ಇನ್ನೂ ದೊಡ್ಡ ತೊಟ್ಟಿ ಕಾಯುತ್ತಿದೆ. ಮುಖ್ಯವಾಗಿ ನಿರೀಕ್ಷಿಸಿದ ಬಗೆಯ ಸಾವಿಗೆ, ಪ್ರೋಟಾನಿನ ಆಯುಸ್ಸು 1ರ ಮುಂದೆ 34 ಸೊನ್ನೆಗಳನ್ನಿಟ್ಟ ಸಂಖ್ಯೆಯ ಎರಡು ಪಟ್ಟಿಗೂ ಮಿಗಿಲೆಂದು ಅದು ಹೇಳಿದೆ. ಬಲಗಳ ಏಕತೆ ಇನ್ನೂ ಕನಸಾಗಿಯೇ ಉಳಿದಿದೆ. ಗುರುತ್ವವಂತೂ ಇಂದಿಗೂ ದೂರವೇ ನಿಂತಿದೆ.

ರಾಜಾಜಿನಗರದ ಕಾವಲಿಯಲ್ಲಿ ಅಂಥದೊಂದು ಸಾವನ್ನು ನೋಡಬೇಕಾದರೆ ಈಗ ಒಂದೂವರೆ ಕೋಟಿ ವರ್ಷಕ್ಕೂ ಹೆಚ್ಚು ಕಾಯಬೇಕು. ಅಲ್ಲಿಯವರೆಗೆ ಮನೆಯಾಕೆ ನಿಶ್ಚಿಂತೆಯಿಂದ ದೋಸೆ ಹುಯ್ಯಬಹುದು.